ಆ ಮನುಷ್ಯನ ಪಕ್ಕದಲ್ಲಿ ನಾನು ನಿಲ್ಲಲಿಲ್ಲ

ತೆಂಕಬಂದರು, ೩೦ ಫೆಬ್ರವರಿ ೨೧೮೭

ನಮಗಿಂತ ಮೊದಲು ಬದುಕುತ್ತಿರುವ ನಿಮಗೆ ಜಲಜಾ ಮೆಂಡನ್ ಮಾಡುವ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ನಾವು ಮಾಡಿಕೊಂಡು ಬಹಳ ಕಾಲವಾಯಿತು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬರುತ್ತವೆ, ಆಗ ಎಲ್ಲರಿಗೂ ರಜೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತವಳು ನಾನು.

ಈ ಊರಿನ ನೀರುನಾಲಗೆ ನಾನು. ಹಾಗೆಂದರೆ, ಬೆಳಗ್ಗೆ ಏನನ್ನೂ ತಿನ್ನದೆ ಹದಿನಾಲ್ಕು ಬಾವಿಗಳ ನೀರನ್ನು ಗುಟುಕು ಗುಟುಕಾಗಿ ರುಚಿ ನೋಡಿ, ಯಾವುದಕ್ಕೆ ಉಪ್ಪು ಏರಿದೆ ಎಂದು ಹೇಳುವವಳು. ಯಂತ್ರಗಳೂ ಇವೆ, ಆದರೆ ಕಡಲಗಾಳಿಗೆ ಅವು ವರ್ಷ ಬಾಳುವುದಿಲ್ಲ. ಸಮುದ್ರ ನಮ್ಮ ಅಂಗಳಕ್ಕಿಂತ ಎತ್ತರದಲ್ಲಿದೆ, ನಡುವೆ ಒಂದು ಗೋಡೆ. ಆ ಗೋಡೆಯ ಬುಡದ ಮನೆಯಲ್ಲಿ ನಾನು, ನನ್ನ ಮಗಳು ಸುಗುಣ ಇಬ್ಬರೇ ಇದ್ದೆವು.

ನೀವು ಗುಟ್ಟಾಗಿ ಮತ ಹಾಕುವವರಂತೆ. ನಿಮ್ಮ ಪುಣ್ಯ. ನಮ್ಮ ಸಭೆಯಲ್ಲಿ ಯಾರ ಮಾತು ಸರಿಯೆನಿಸುತ್ತದೋ ಅವರ ಪಕ್ಕಕ್ಕೆ ಎದ್ದು ಹೋಗಿ ನಿಲ್ಲಬೇಕು. ಇದಕ್ಕೆ ಮಗ್ಗುಲು ನಿಲ್ಲುವುದು ಎನ್ನುತ್ತೇವೆ. ನೂರು ಜನ ಸೇರದಿದ್ದರೆ ಆ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ವಾಮನ ಕಾಂಚನ್ ನಮ್ಮ ಕೇರಿಯ ಪ್ರತಿನಿಧಿ. ತುಂಬಿದ ಸಭೆಯಲ್ಲಿ ನನ್ನ ಅಪ್ಪನನ್ನು ಕಳ್ಳನೆಂದವನು, ಅದು ಸುಳ್ಳೆಂದು ಗೊತ್ತಾದ ಮೇಲೂ ತಪ್ಪಾಯಿತು ಎನ್ನದವನು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಅವನ ಹೆಸರೆತ್ತಿದವರಿಲ್ಲ, 'ಆ ಮನುಷ್ಯ' ಎಂದೇ ಮಾತು. ಆ ಮನುಷ್ಯ ಮಳೆ ಬರುತ್ತದೆ ಎಂದರೆ ನಾನು ಬೇಕೆಂದೇ ಕೊಡೆ ಬಿಟ್ಟು ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ, ಮಳೆಗಾಲದ ಸಭೆಯಲ್ಲಿ ಅವನೆದ್ದು, ಗೋಡೆಯ ಬುಡ ಸೋರುತ್ತಿದೆ, ಎಂಟು ದಿನಕ್ಕೆ ಹುಣ್ಣಿಮೆ, ಸಮುದ್ರ ಉಬ್ಬುವ ಮೊದಲು ಗುಡ್ಡ ಹತ್ತೋಣ ಎಂದ. ಜನ ನಕ್ಕರು. ಗುಡ್ಡದ ಮೇಲಿನ ಜಾಗವೆಲ್ಲ ಅವನ ಭಾವನದು! ಅವನು ಕೈಮುಗಿದ. "ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರ್ಲಿ ಮಾರಾಯ್ರೆ. ಮಕ್ಕಳನ್ನಾದ್ರೂ ಮೇಲೆ ಕಳಿಸಿ. ಜಲಜಕ್ಕ, ಬಾವಿಗೆ ಉಪ್ಪು ಬಂದದ್ದು ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಮಳೆಗಾಲದಲ್ಲಿ ಬಾವಿಗೆ ಉಪ್ಪೇರುವುದಿಲ್ಲ, ಆದರೆ ಅಂದು ಬೆಳಗ್ಗೆ ಗೋಡೆಯ ಪಕ್ಕದ ಮೂರು ಬಾವಿಗಳ ನೀರು ಬಾಯಿಗಿಡುವ ಹಾಗಿರಲಿಲ್ಲ. ಈ ಮನುಷ್ಯ ಹೇಳುವುದು ಸರಿ ಎಂದು ಮನಸ್ಸು ಹೇಳಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನೆದ್ದರೆ ಅರ್ಧ ಸಭೆ ಏಳುತ್ತಿತ್ತು. ಆದರೆ ಅಪ್ಪನನ್ನು ಕಳ್ಳನೆಂದವನ ಪಕ್ಕದಲ್ಲಿ ಊರೆದುರು ಹೇಗೆ ನಿಲ್ಲಲಿ? ಇನ್ನೂ ಎಂಟು ದಿನ ಇದೆಯಲ್ಲ, ಆರನೆಯ ದಿನ ಮತ್ತೆ ಸಭೆ ಇದೆ, ಆಗ ನನ್ನದೇ ಮಾತಾಗಿ ಹೇಳಿದರಾಯಿತು ಎಂದುಕೊಂಡೆ. ಸೆರಗು ಸರಿಮಾಡಿಕೊಳ್ಳುತ್ತಾ ಕುಳಿತೇ ಇದ್ದೆ. ಅವನ ಪಕ್ಕದಲ್ಲಿ ನಿಂತವರು ಹನ್ನೊಂದು ಜನ.

ನಾಲ್ಕನೆಯ ದಿನ ಮಧ್ಯಾಹ್ನ ಗೋಡೆ ಒಡೆಯಿತು. ನಾನು ಗುಡ್ಡದ ಬಾವಿಯ ಬಳಿ ಇದ್ದೆ. ಸುಗುಣ ಮನೆಯಲ್ಲಿ ಊಟಕ್ಕೆ ಕುಳಿತಿದ್ದಳು.

ಮರುದಿನ ಅವಳ ಹೆಣವನ್ನು ಹುಡುಕಿ ದೋಣಿಯಲ್ಲಿ ತಂದವನು ವಾಮನ ಕಾಂಚನನೇ. ನಾನು ಹೇಳಿರಲಿಲ್ಲವೇ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ನನಗೆ ಬೈಯುವುದಕ್ಕಾದರೂ ಒಬ್ಬ ಸಿಗುತ್ತಿದ್ದ. ಈಗ ಉಳಿದವಳು ನಾನೊಬ್ಬಳೇ.

ನಾನು ಬೇಡಿಕೊಳ್ಳುವುದು ಇಷ್ಟೆ. ನಿಮಗೆ ಆಗದವನು ಒಂದು ದಿನ ಸರಿಯಾದ ಮಾತಾಡಿಯಾನು. ಅವನನ್ನು ಕ್ಷಮಿಸಬೇಡಿ, ಮನೆಗೆ ಕರೆಯಬೇಡಿ, ಮರುದಿನದಿಂದ ಮೊದಲಿನಂತೆ ಬೈಯಿರಿ. ಆದರೆ ಆ ಒಂದು ದಿನ ಎದ್ದು ನಿಲ್ಲಿ.

ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ, ನೀವು ದೂರದವರೆಂದು ಹೇಳುತ್ತೇನೆ. ಸಭೆಯಿಂದ ಬರುವಾಗ ದಾರಿಯಲ್ಲಿ ಸುಗುಣ ಕೇಳಿದಳು, "ಅಮ್ಮ, ಅವ್ರು ಹೇಳಿದ್ದು ನಿಜವಾ? ನಾವು ಮೇಲೆ ಹೋಗುವನಾ?"

"ಆ ಮನುಷ್ಯನ ಬಾಯಲ್ಲಿ ನಿಜ ಬರುವುದುಂಟಾ? ಸುಮ್ಮನೆ ನಡಿ" ಎಂದೆ.

ಆಯ್ತಮ್ಮ ಎಂದಳು. ಮತ್ತೆ ಕೇಳಲಿಲ್ಲ.