ಗುಡಿಯ ಗೋಡೆಯಲ್ಲಿದ್ದ ಅಕ್ಕ

ಅವ್ವಾ,

ಹೇಗಿದ್ದೀ ಎಂದು ಕೇಳುವುದಿಲ್ಲ. ಅಲ್ಲಿಯೂ ಯಾರದೋ ಒಲೆಯ ಮುಂದೆ ಕೂತು, ಬೇಳೆ ಬೆಂದಿಲ್ಲ ಎಂದು ತಕರಾರು ತೆಗೆದಿರುತ್ತೀ.

ನೀನು ಮನೆ ಬಿಟ್ಟ ದಿನ ಕಣ್ಣ ಮುಂದಿದೆ. ಹಳೇ ಗುಡಿಗೆ ಆತುಕೊಂಡಿದ್ದ ನಮ್ಮ ಸಾಲಿನ ಮನೆಗಳನ್ನು ತೆರವು ಮಾಡಿ, ಗುಡಿಯ ಬಾಗಿದ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟುತ್ತೇವೆಂದು ಪುರಾತತ್ವ ಇಲಾಖೆಯವರು ಬಂದಿದ್ದರು. ಆಳಂದದಲ್ಲಿ ಸಿಮೆಂಟು ಮಾರುವುದಕ್ಕಿಂತ ಹೆಚ್ಚು ಮಾತು ಮಾರುವವನು ನಾನು. ಬದಲಿ ಜಾಗವಾಗಿ ಮೂಲೆಯ ಪ್ಲಾಟನ್ನೇ ಗಿಟ್ಟಿಸಿದ್ದೆ. ನೀನು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಅಡುಗೆಮನೆಗೂ ಗೋಡೆಯಾಗಿದ್ದ ಗುಡಿಯ ಗೋಡೆ ತೋರಿಸಿದಿ. "ನಾ ಎಲ್ಲೆರ ಇರ್ತೇನಿ. ಅಕ್ಕನ್ನ ಮಾತ್ರ ಊರು ಬಿಟ್ಟು ಒಯ್ಯಾಕ ಬಿಡಬ್ಯಾಡಪಾ."

ನಿನ್ನ ಅಕ್ಕ ಎಂದರೆ ಆ ಗೋಡೆಯಲ್ಲಿ ಕೆತ್ತಿದ್ದ ಆಳೆತ್ತರದ ಮೂರ್ತಿ. ಕುತ್ತಿಗೆಯವರೆಗೆ ಯಾವ ಕಾಲದಲ್ಲೋ ಮೆತ್ತಿದ ಮಣ್ಣು, ಹೊರಗಿದ್ದ ಮುಖಕ್ಕಷ್ಟೇ ಕುಂಕುಮ ಇಡುತ್ತಿದ್ದಿ. ಮೊದಲ ರೊಟ್ಟಿಯ ಚೂರಿಗೆ ಬೆಣ್ಣೆ ಹಚ್ಚಿ ಆಕೆಯ ಬಾಯಿಗೆ ಒರೆಸಿದ ಮೇಲೆಯೇ ನನ್ನ ತಾಟಿಗೆ ರೊಟ್ಟಿ. ಬಸುರಿ ಹೆಂಗಸರು ಬಂದು ಆಕೆಯ ಗಲ್ಲ ಸವರಿ ಹೋಗುತ್ತಿದ್ದರು. ನಿನಗಿಂತ ಮೊದಲು ನಿನ್ನ ಅತ್ತೆ, ಅವಳ ಅತ್ತೆ… ಎಷ್ಟು ಕೈಗಳೋ. ಮೂಗು ತುಟಿಯೆಲ್ಲ ನುಣ್ಣಗಾಗಿದ್ದವು.

ನೀನು ಕಣ್ಣು ಮುಚ್ಚಿದ ಮರುವಾರವೇ ಮಣ್ಣು ಕೆರೆದರು. ಕೆಳಗೆ ಅಗಲ ಎದೆ, ಬಿಗಿದ ಕಾಸೆ, ಕೈಯಲ್ಲಿ ಗದೆ. ದ್ವಾರಪಾಲಕ, ಅವ್ವಾ. ಗಂಡಸು! ಪಕ್ಕದ ಮನೆಯ ಶಾಂತಾಬಾಯಿ ಕಾಕಿ ಗಡಬಡಿಸಿ ಸೆರಗು ಹೊದ್ದುಕೊಂಡಳು. "ಯವ್ವಾ! ಇಷ್ಟು ವರ್ಷ ಇವನ ಮುಂದ ಕುಂತು ನಮ್ಮ ನಮ್ಮ ಗಂಡಂದಿರನ್ನ ಬೈದೇವಲ್ಲಬೇ!" ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಬಾಯಿ ಅಗಲವಾದದ್ದು ಗೊತ್ತು, ಒಳಗೆ ಏನೂ ಆಗಲಿಲ್ಲ.

ಇಲಾಖೆಯ ಎಂಜಿನಿಯರು ನಗಲಿಲ್ಲ. "ಕಲ್ಲು ಸೀಳಿದೆ, ಮುಖ ಸವೆದಿದೆ. ಇದನ್ನು ಕಲಬುರಗಿಗೆ ಸಾಗಿಸಿ ಇಲ್ಲಿ ಹೊಸ ಕಲ್ಲು ಕೂರಿಸುತ್ತೇವೆ" ಎಂದರು. ನೀನು ಹೆದರಿದ್ದು ಅದಕ್ಕೇ ಅಲ್ಲವೆ?

"ಸಾಹೇಬ್ರ, ಮಳಿಗೆ ಸವೆದದ್ದಲ್ರಿ ಇದು, ಕೈಗೆ ಸವೆದದ್ದು. ಇದನ್ನ ಒಯ್ದ್ರ ಉಳಿದ ಗುಡಿ ಯಾರು ಕಾಯ್ತಾರ್ರಿ? ನೀವು ಬಂದು ಇಲ್ಲಿ ವಸ್ತಿ ಇರ್ತೀರೇನ್ರಿ?" ಎಂದೆ.

"ಗಂಡಸು ಅಂತ ಗೊತ್ತಾದ ಮೇಲೂ ಪೂಜೆ ಮಾಡ್ತಾರೇನ್ರಿ?"

ಶಾಂತಾಬಾಯಿ ಕಾಕಿ ನಡುವೆ ಬಾಯಿ ಹಾಕಿದಳು. "ಗಂಡಸಾದ್ರೇನ್ರಿ, ಹೊಟ್ಟಿ ಇರಂಗಿಲ್ಲೇನ್ರಿ ಅವಂಗ?"

ವ್ಯಾಪಾರ ಅಲ್ಲಿಗೆ ಕುದುರಿತು. ಒಳಗೆ ಉಕ್ಕಿನ ಸಳಿ ಹಾಕಿ ಸೀಳು ಬಿಗಿದರು. ಬೆಣ್ಣೆ ಹಚ್ಚುವಂತಿಲ್ಲ, ರೊಟ್ಟಿ ಕೆಳಗಿಡಬಹುದು ಎಂದಾಯಿತು. ನಿನ್ನೆ ಗಾರೆ ಹಾಕಿ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿದರು. ಊರು ಬಿಟ್ಟು ಹೋಗಲಿಲ್ಲ, ಅವ್ವಾ. ಕೈ ಇಟ್ಟು ನೋಡಿದೆ, ತಣ್ಣಗಿತ್ತು. ನನ್ನ ಕೈಯೋ, ಕಲ್ಲೋ…

ಇನ್ನೊಂದು ಸುದ್ದಿ. ಬಾಗಿಲಲ್ಲಿ ಹಾಕುವ ಫಲಕಕ್ಕೆ ಎಂಜಿನಿಯರು ಗುಡಿಯ ನಕ್ಷೆ ಬರೆಯುತ್ತಿದ್ದರು. ಮೂರ್ತಿಯ ಮುಂದಿನ ಖಾಲಿ ಜಾಗ ತೋರಿಸಿ, "ಇಲ್ಲಿ ಏನಿತ್ತು?" ಎಂದು ಕೇಳಿದರು.

"ಅಡಗಿಮನಿರಿ."

"ಯಾರದು?"

ನನಗೆ ಮಾತು ಹೊರಡಲಿಲ್ಲ. ನನಗೆ!

ಕಾಕಿಯೇ ಹೇಳಿದಳು. "ಶರಣಮ್ಮಂದ್ರಿ. ಬರ್ಕೋರಿ."

ಅವರು ನಿನ್ನ ಹೆಸರು ಬರೆದುಕೊಂಡರು.