ಪಿಯಾನೋ ಬೆಂಚಿನೊಳಗಿನ ಊಂ

ಹೆಗಲ ಮೇಲೆ ಕೂರಿಸಿಕೊಂಡು ನನ್ನನ್ನು ಕಪಿಲೆ ಹೊಳೆ ದಾಟಿಸುತ್ತಿದ್ದ ಅಪ್ಪನಿಗೆ,

ಗೌಡರ ಮನೆಗೆ ಆ ಪಿಯಾನೋ ಬಂದ ದಿನ ನೆನಪಿದೆಯಾ? ಮೈಸೂರಿನಲ್ಲಿ ಯಾರೋ ಬಿಳಿ ದೊರೆ ಬಿಟ್ಟುಹೋದದ್ದು. ನಂಜನಗೂಡಿನವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ನುಡಿಸಬಲ್ಲವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಒಳಗೆ ತಂತಿಗಳಿಗೆ ಒತ್ತಿಕೊಂಡಿದ್ದ ಉಣ್ಣೆಯನ್ನೆಲ್ಲ ಇಲಿಗಳು ತಿಂದವು, ಬಿಳಿ ಕರಿ ಪಟ್ಟಿಗಳು ಮುದುಕನ ಹಲ್ಲಿನಂತೆ ಉದುರಿದವು. ಕೊನೆಗೆ ಗೌಡರು ನಿನ್ನನ್ನು ಕರೆಸಿದರು. "ಆಚಾರಿ, ಇದ್ನ ಒಡ್ದು ನನ್ಗೊಂದು ಬೆಂಚು ಮಾಡ್ಕೊಡು." ನೀನು "ಊಂ ಬುದ್ಧಿ" ಅಂದೆ. ಆ ಜಗಲಿಯ ಮುಂದೆ ನಿಂತು ನೀನು ಊಂ ಬಿಟ್ಟು ಬೇರೆ ಮಾತಾಡಿದ್ದುಂಟೇ?

ಉಳಿ ಇಡುವ ಮುಂಚೆ ಮರವನ್ನು ಕೇಳುವುದು ನಮ್ಮ ಕಸುಬಿನ ಪದ್ಧತಿ. ನೀನು ಅರಿಶಿನ ಕುಂಕುಮ ಹಚ್ಚಿ, ಆ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂಗಿದೆ. "ಒಳ್ಗೆ ಯಾರಾರ ಇದ್ರೆ ಎದ್ದೋಗ್ರಪ್ಪಾ!" ಒಳಗಿನಿಂದ "ಊಂ..." ಎಂದು ಬಂತು. ಎಷ್ಟೋ ಜನ ಒಂದೇ ಬಾಯಲ್ಲಿ ಅಂದಂತೆ. ನಾನು ಹಿಂದಕ್ಕೆ ಹಾರಿದೆ. ನೀನು ಮಾತ್ರ ಮೆಲ್ಲಗೆ ಹೇಳಿದೆ. "ಅವ್ರೆ ಕಣ್ಲಾ. ಇದ್ದೋರು ಇರ್ಲಿ. ನಾವ್ಯಾರು ಎಬ್ಸಾಕೆ?" ಒಂದು ತಂತಿಯನ್ನೂ ಮುಟ್ಟದೆ ಪಿಯಾನೋವನ್ನು ಬೆನ್ನ ಮೇಲೆ ಮಲಗಿಸಿ, ಮೇಲೆ ಹಲಗೆ ಹೊಡೆದೆ. ಆಮೇಲೆ ಪ್ಲೇಗು ಬಂತು, ನೀನು...

ಆ ಬೆಂಚಿನ ಮೇಲೆ ನೀನು ಒಂದು ಗಳಿಗೆಯೂ ಕೂರಲಿಲ್ಲ. ಕೂತವರು ಗೌಡರು, ಅಲ್ಲಿಂದಲೇ ಊರಿಗೆ ಉಗಿದರು. ನಿನ್ನ ತಿಥಿ ಮುಗಿದ ಮಾರನೆಯ ದಿನವೇ ಅವರ ಅಪ್ಪಣೆ: ನಿನ್ನ ಬದಲು ಅವ್ವ ಜೀವವಿರುವ ತನಕ ಅವರ ಕೊಟ್ಟಿಗೆ ಗುಡಿಸಬೇಕು, ಇಲ್ಲವೇ ಗುಡಿಸಲು ಖಾಲಿ ಮಾಡಬೇಕು. ನಾನು ಅವ್ವನನ್ನು ಹಿಂದಕ್ಕೆ ಸರಿಸಿ, "ಬರಾಕಿಲ್ಲ" ಎಂದೆ.

ಗೌಡರು ಕೆಂಡವಾದರು. "ಲೇ! ನಿಮ್ಮಪ್ಪ ಬೆನ್ನು ಬಗ್ಸಿ ನನ್ ಚಾಕ್ರಿ ಮಾಡ್ದ. ನೀನು ಬರಾಕಿಲ್ಲ ಅಂತೀಯಾ? ಇದು ಸರಿಯೇನ್ಲಾ ಆಚಾರೀ?" ಎಂದು ಆಕಾಶಕ್ಕೆ ಮುಖವೆತ್ತಿ ನಿನ್ನನ್ನೇ ಕೂಗಿದರು.

ಬೆಂಚಿನೊಳಗಿನಿಂದ ಊಂ ಅಲ್ಲ, ಹೊಟ್ಟೆಯ ಆಳದಿಂದ ಗುರುಗುಟ್ಟಿದಂತೆ ಬಂತು. ಗೌಡರು ಎದ್ದು ನಿಂತರು. ನಡು ಹಗಲಲ್ಲಿ ಅಂಗಳವೆಲ್ಲ ತಣ್ಣಗಾಯಿತು. ಸಗಣಿ ಮಂಕರಿ ಹೊತ್ತಿದ್ದ ಕೆಂಪಜ್ಜಿ, "ಬುದ್ಧೀ, ಆಚಾರಿಗೆ ಯಾಕೋ ಸರಿಬರ್ಲಿಲ್ಲ, ಇನ್ನೊಂದ್ಸಲ ಕೇಳಿ" ಎಂದಳು. ಯಾರೋ ಕಿಸಕ್ಕೆಂದರು. ಗೌಡರು "ಮುಚ್ರಲಾ!" ಎಂದು ಕಿರುಚಿದರು. ಅದು ಇನ್ನೂ ಜೋರಾಗಿ ಗುರುಗುಟ್ಟಿತು. ನನ್ನ ಜೀವಮಾನದಲ್ಲಿ ಮೊದಲ ಸಲ ಗೌಡರು ಪಿಸುಮಾತಿನಲ್ಲಿ ಮಾತಾಡಿದರು: "ಆಯ್ತು. ನಿಮ್ಮವ್ವ ಬರಾದು ಬ್ಯಾಡ. ಇದ್ನ ಮೊದ್ಲು ಇಲ್ಲಿಂದ ತಕ್ಕೊಂಡೋಗು."

ಹೀಗೆ ನಿನ್ನ ಬೆಂಚು ನಮ್ಮ ಗುಡಿಸಲಿಗೆ ಬಂತು, ಅಪ್ಪ. ಅವ್ವ ಅದರ ಹತ್ತಿರ ಸುಳಿಯಲಿಲ್ಲ. ಅವಳ ಭಯ ಬಿಡಿಸಲೆಂದು ಹಲಗೆ ಎಬ್ಬಿಸಿ ತೋರಿಸಿದೆ. "ನೋಡವ್ವ, ಬರೀ ತಂತಿ. ಅದನ್ನ ಹಿಡಿದಿಡೋ ಉಣ್ಣೆ ಇಲ್ಲ, ಗಟ್ಟಿಯಾಗಿ ಕೂಗಿದ್ರೆ ಅದುರ್ತವೆ, ಅಷ್ಟೇಯ." ಅಪ್ಪ ತಿಳಿಯದೆ ಹೆದರಿದ ಎಂದೂ ಹೇಳಿಬಿಟ್ಟೆ. ಒಂದೊಂದಾಗಿ ತಂತಿಗಳನ್ನೆಲ್ಲ ಕತ್ತರಿಸಿ ಎಳೆದು ಹೊರಗೆ ಬಿಸಾಡಿದೆ. ಒಂದೂ ಉಳಿಯಲಿಲ್ಲ. ಮತ್ತೆ ಹಲಗೆ ಹೊಡೆದೆ.

ಇವತ್ತು ಮಧ್ಯಾಹ್ನ ಅವ್ವ ಒಲೆ ಮುಂದೆ ಹಳೇ ಅಭ್ಯಾಸದಂತೆ, ನೀನಿಲ್ಲವೆಂಬುದನ್ನು ಮರೆತು, ಬಾಗಿಲ ಕಡೆಗೆ ಕರೆದಳು. "ಏನೂಂದ್ರೆ, ಇಟ್ಟಾಯ್ತು ಬನ್ನಿ."

ಗಟ್ಟಿಯಾಗಿ ಕೂಡ ಅಲ್ಲ. ಆದರೂ ತಂತಿಯಿಲ್ಲದ ಬೆಂಚಿನೊಳಗಿನಿಂದ ಬಂತು:

"ಊಂ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಏನೂ ಆಗದವಳಂತೆ ಇನ್ನೊಂದು ತಟ್ಟೆ ಹಾಕಿದಳು.

ಆ ಬೆಂಚಿನ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಹಲಗೆ ಬೆಚ್ಚಗಿದೆ. ಇನ್ನು ನಾನದನ್ನು ಎಬ್ಬಿಸುವುದಿಲ್ಲ. ಅವಳು ಕರೆದಾಗ ಊಂ ಅನ್ನು, ಅಪ್ಪ. ಬೇರೆ ಯಾರು ಕರೆದರೂ ಅನ್ನಬೇಡ.

ನಿನ್ನ ಮಗ