ಡಬ್ಬಿಯ ಮೇಲಿನ ಲಕ್ಷ್ಮಿ

ಇಳಕಲ್,
೧೪ ನವೆಂಬರ್ ೧೯೮೬

ಪ್ರೀತಿಯ ತಮ್ಮ ಅಂದಪ್ಪನಿಗೆ ಅಕ್ಕನ ಶರಣು.

ನಿನ್ನ ಮೊಣಕಾಲು ಈಗ ಹೇಗಿದೆ? ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತುಕೊಂಡು ಹೋಗುವುದು ಇನ್ನೂ ತಪ್ಪಿಲ್ಲವೇ? ಸಾವಂತ್ರವ್ವನಿಗೆಂದು ಕಳಿಸಿದ ಅಮೀನಗಡದ ಕರದಂಟನ್ನು ಅವಳ ಗಂಡನಾದ ನೀನೇ ಮುಗಿಸಿರುತ್ತೀ, ಗೊತ್ತು. ನಾನು ಆರಾಮ. ಶಾಲೆಯಿಂದ ನಿವೃತ್ತಳಾದ ಮೇಲೆ ಪತ್ರಿಕೆಗಳಿಗೆ ದೂರು ಬರೆಯುವುದೊಂದೇ ಉದ್ಯೋಗ.

ನಿಮ್ಮ ರಫ್ತು ಕಚೇರಿಯಿಂದ ನೀನು ಕಳಿಸಿದ ಲೇಬಲ್ಲುಗಳು ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ನೂಲಿಗೆ ಬಣ್ಣ ಹಾಕುವ, ನನ್ನ ಓರಗೆಯ ದಸ್ತಗೀರಸಾಬನಿಗೆ ಇಂಗ್ಲಿಷ್ ಬಾರದು. ಎಂದಿನಂತೆ ಎಲ್ಲವನ್ನೂ ನನ್ನ ಮುಂದೆ ತಂದು ಸುರುವಿದ. ಪುಣೆಗೆ ಹೋಗುವ ಸೀರೆಗೆ ಬಂಗಾರದ ಅಕ್ಷರದಲ್ಲಿ ‘ಬಣ್ಣ ಬಿಡುವುದಿಲ್ಲ’ ಎಂಬ ಭರವಸೆ. ದುಬೈಗೆ ಹೋಗುವುದಕ್ಕೆ ದೇಶದ ಹೆಸರು, ಅಳತೆ, ಅಷ್ಟೇ. ಪಶ್ಚಿಮ ಜರ್ಮನಿಗೆ ಮಾತ್ರ ಒಂದು ಎಲೆಯ ಚಿತ್ರ, ಕೆಳಗೆ ‘ಗಿಡದ ಬಣ್ಣ, ನೀರಿಗೆ ನಿರಪಾಯ’. (ಅಲ್ಲಿ ನಮ್ಮ ಸೀರೆಯನ್ನು ಕಿಟಕಿಗೆ ಕಟ್ಟುತ್ತಾರಂತೆ, ನಿಜವೇ?) ಮೂರೂ ಒಂದೇ ಹಂಡೆಯಲ್ಲಿ ಮುಳುಗೆದ್ದ ನೂಲು, ಅಂದಪ್ಪಾ. ಹಂಡೆಗೆ ಬೀಳುವುದು ಡಬ್ಬಿಯ ರಾಸಾಯನಿಕ ಪುಡಿ. ಒಂದೇ ಬಟ್ಟೆ ಊರಿಗೊಂದು ಮಾತು ಆಡುವುದು ಹೇಗೆ? ಎಲೆಯ ಲೇಬಲ್ಲಿನ ಜೊತೆ ಬಣ್ಣದ, ನೀರಿನ ವಿವರ ಕೇಳುವ ಒಂದು ಫಾರ್ಮು. ಅದಕ್ಕೆ ದಸ್ತಗೀರ ಸಹಿ ಮಾಡದಿದ್ದರೆ ಜರ್ಮನಿಯ ಇನ್ನೂರು ಸೀರೆ ಬೇಡವಂತೆ. ಅವನಿಗೂ ಓಣಿಯ ನಾಲ್ಕು ಮಗ್ಗಗಳಿಗೂ ಅದು ಆರು ತಿಂಗಳ ಕೆಲಸ. “ಸಹಿ ಮಾಡಂದ್ರ ಮಾಡ್ತೇನ್ರಿ ಅಕ್ಕಾವ್ರ, ಮೊದಲ ಈ ಕೈ ನೋಡ್ರಿ” ಎಂದು ಮೊಣಕೈವರೆಗೆ ಕೆಂಪಾದ ಕೈಯನ್ನು ಚಾಚಿದ.

ನನಗೆ ಮೊದಲು ಬಂದದ್ದು ಸಿಟ್ಟು. ದೇವರ ಕೋಣೆಯಲ್ಲಿರುವ ಲಕ್ಷ್ಮಿಯ ಚಿತ್ರ ನಿನಗೆ ನೆನಪಿದೆಯಲ್ಲ? ಅಪ್ಪ ಬಣ್ಣದ ಅಂಗಡಿ ಇಟ್ಟಾಗ ಜರ್ಮನಿಯಿಂದ ಬಂದ ಮೊದಲ ಡಬ್ಬಿಯ ಲೇಬಲ್ಲು ಅದು. ನೀರಲ್ಲಿ ನೆನೆಸಿ ಬಿಡಿಸಿ ಗಾಜಿನ ಚೌಕಟ್ಟು ಹಾಕಿಸಿದ. ನನಗಾಗ ಆರು ವರ್ಷ. ದಸ್ತಗೀರನ ತಂದೆ ಮೀರಾಸಾಬ ಅಲ್ಲಿಯವರೆಗೆ ನೀಲಿ ಗಿಡದ ಬಣ್ಣವನ್ನು ಸುಣ್ಣ ಹಾಕಿ ಹುದುಗಿಸಿದ ಗುಡಾಣಕ್ಕೆ ಬೆರಳದ್ದಿ, ನಾಲಿಗೆಗೆ ಹಚ್ಚಿಕೊಂಡು ಹದ ಹೇಳುತ್ತಿದ್ದ. ಡಬ್ಬಿ ಬಂದ ಮೇಲೆ ಬಣ್ಣವನ್ನು ಯಾರೂ ನಾಲಿಗೆಗೆ ಹಚ್ಚಲಿಲ್ಲ. ನಮ್ಮಿಂದ ಗಿಡದ ಬಣ್ಣ ಬಿಡಿಸಿದವರೇ ಈಗ ಗಿಡದ ಬಣ್ಣ ಕೇಳುತ್ತಾರಲ್ಲ!

ಆದರೆ ಆ ಫಾರ್ಮಿನ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಣ್ಣ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ? ಮೂವತ್ತೈದು ವರ್ಷ ಮಕ್ಕಳಿಗೆ ನದಿಗಳ ಪಾಠ ಹೇಳಿದವಳಿಗೆ ನಮ್ಮ ಓಣಿಯ ನೀರಿನ ದಾರಿ ಗೊತ್ತಿರಲಿಲ್ಲ. ದಸ್ತಗೀರನನ್ನು ಕರೆದುಕೊಂಡು ಅವನ ಹಿತ್ತಲ ಕಾಲುವೆಯ ಗುಂಟ ನಡೆದೆ. ಅದು ಕಾಯಿಪಲ್ಲೆ ಮಾರುವ ರಾಮವ್ವನ ಬದನೆ ಮಡಿಗಳನ್ನು ಹಾದು ಹಳ್ಳ ಸೇರುತ್ತದೆ. ಅಂಚಿನ ಎರಡು ಸಾಲು ಗಿಡ ಸುಟ್ಟಂತೆ ಒಣಗಿವೆ. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದರೆ ರಾಮವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಜರ್ಮನಿಯವ್ರು ಕೇಳಿದ ಮ್ಯಾಲ ನಿಮಗ ನನ್ನ ಬದನಿಕಾಯಿ ಕಂಡ್ವೇನ್ರಿ ಅಕ್ಕಾವ್ರ? ದಿನಾ ಇದ ದಾರೀಲೆ ಸಾಲಿಗಿ ಹೋಗ್ತಿದ್ರಿ” ಎಂದಳು. ಪತ್ರಿಕೆಗಳಿಗೆ ಅಷ್ಟೆಲ್ಲ ಬರೆದೆ, ಇದೊಂದನ್ನು ಬರೆದಿರಲಿಲ್ಲ. ತಲೆ ತಗ್ಗಿಸಿ ನಿಂತಿದ್ದ ದಸ್ತಗೀರ, “ನಮ್ಮಪ್ಪನ ನೀಲಿ ನಂಗಿನ್ನೂ ನೆನಪೈತ್ರಿ. ಒಂದ ಗುಡಾಣ ಕಟ್ಟಿ ನೋಡ್ಲೇನ್ರಿ?” ಎಂದ.

ಮಕ್ಕಳಿಗೆ ನನ್ನ ಮುತ್ತು, ಸಾವಂತ್ರವ್ವನಿಗೆ ಆಶೀರ್ವಾದ. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ನಿನ್ನ ಅಕ್ಕ,
ಸಿದ್ದಲಿಂಗವ್ವ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು. ಫಾರ್ಮನ್ನು ನಾನೇ ತುಂಬಿ, ದಸ್ತಗೀರನಿಗೆ ಓದಿ ಹೇಳಿ, ಸಹಿ ಹಾಕಿಸಿ ನಿನ್ನೆ ನೇರ ಜರ್ಮನಿಗೇ ಹಾಕಿದೆ. ಬಣ್ಣ: ಡಬ್ಬಿಯದು. ನೀರು: ರಾಮವ್ವನ ಬದನೆಗೆ. ಚೌಕಟ್ಟು ಬಿಚ್ಚಿ ಲಕ್ಷ್ಮಿಯನ್ನೂ ಜೊತೆಗಿಟ್ಟೆ; ಬೆನ್ನಿಗೆ ‘ಇವಳು ನಿಮ್ಮ ದೇಶದಿಂದಲೇ ಬಂದವಳು’ ಎಂದು ಬರೆದಿದ್ದೇನೆ. ಇನ್ನೂರು ಸೀರೆ ಕೈತಪ್ಪಬಹುದೆಂದು ದಸ್ತಗೀರನಿಗೂ ಗೊತ್ತು. ನಿನ್ನ ಸಾಹೇಬರು ಬೈದರೆ ನನ್ನ ಹೆಸರು ಹೇಳು. ಎಲೆಯ ಲೇಬಲ್ಲುಗಳಲ್ಲಿ ಹನ್ನೆರಡನ್ನು ದಸ್ತಗೀರನ ಗುಡಾಣದ ನೂಲಿನ ಸೀರೆಗೆಂದು ಇಟ್ಟುಕೊಂಡು ಉಳಿದವನ್ನು ವಾಪಸ್ ಕಳಿಸಿದ್ದೇನೆ. ಹನ್ನೆರಡರಿಂದಲೂ ‘ನೀರಿಗೆ ನಿರಪಾಯ’ ಎಂಬುದನ್ನು ಕತ್ತರಿಸಿದ್ದೇನೆ. ಅದನ್ನು ಹೇಳಬೇಕಾದವಳು ರಾಮವ್ವ. ಕಡಪಾದಿಂದ ನೀಲಿ ತರಿಸಿ ಗುಡಾಣ ಕಟ್ಟಿ ಎಂಟು ದಿನ. ಇವತ್ತು ಬೆಳಿಗ್ಗೆ ದಸ್ತಗೀರ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಮುಖ ಕಿವುಚಿ, “ಸುಣ್ಣ ಸ್ವಲ್ಪ ಹೆಚ್ಚಾಗೈತ್ರಿ” ಎಂದ.